ಕೆಮ್ಮದೆ ಕೂತವನು

ಸೋಮವಾರ ಬೆಳಿಗ್ಗೆ ಹಲ್ಲುಜ್ಜುವಾಗ ಬಂದ ಕೆಮ್ಮು ಸಬಾಪತಿಯನ್ನು ಬಚ್ಚಲ ಗೋಡೆ ಹಿಡಿದು ನಿಲ್ಲುವ ಹಾಗೆ ಮಾಡಿತು. ಇಪ್ಪತ್ತೇಳು ವರ್ಷ ಸ್ಟುಡಿಯೋದ ಮರಳು, ಜಲ್ಲಿ, ಒಣಹುಲ್ಲಿನ ಧೂಳು ಕುಡಿದ ಎದೆ ಅದು. ಅದಕ್ಕೆ ಬೆಳಗಾಗುವುದೇ ಕೆಮ್ಮಿನಿಂದ. ಹೊರಗೆ ಅಮುದವಲ್ಲಿ ಇಡಿಯಪ್ಪದ ತಟ್ಟೆ ಇಡುತ್ತ, ಗಂಡನಿಗೆ ಕೇಳಲೆಂದೇ ಗೋಡೆಗೆ ಹೇಳಿದಳು: “ಇಲ್ಲಿ ಕೆಮ್ಮಿದ್ರೆ ಮೂರನೇ ಬೀದಿ ನಾಯಿ ಎದ್ದು ಕೂರುತ್ತೆ. ಶುಕ್ರವಾರ ಎರಡೂವರೆ ಗಂಟೆ ಥೇಟರಲ್ಲಿ ಅದ್ಹೇಗೆ ಕೂತಿದ್ರೋ, ಆ ಮುರುಗನಿಗೇ ಗೊತ್ತು.” “ಕೆಮ್ಮಲಿಲ್ಲ” ಎಂದ ಸಬಾಪತಿ ಬಾಯಿ ಒರೆಸಿಕೊಳ್ಳುತ್ತ. “ಹೂಂ, ಕೆಮ್ಮಲಿಲ್ಲವಂತೆ! ನಮ್ಮಣ್ಣನ ಮಗನ ಮದುವೇಲಿ ತಾಳಿ ಕಟ್ಟೋ ಹೊತ್ತಿಗೆ ಕೆಮ್ಮಿ ಕೆಮ್ಮಿ ನಾದಸ್ವರದವನೇ ಊದೋದು ನಿಲ್ಲಿಸಿದ್ದ. ಅಲ್ಲಿಗೆ ಒಂದು ಗಳಿಗೆ ತಡ್ಕೊಳ್ಳೋಕೆ ಆಗ್ಲಿಲ್ಲ, ಸಿನಿಮಾಕ್ಕೆ ಮಾತ್ರ ತಡ್ಕೊಂಡ್ರಾ?” ಅವಳು ನಕ್ಕಳು. ಅವಳ ನಗೆಯಲ್ಲಿ ವಿಷವೇನೂ ಇರಲಿಲ್ಲ. ಸಬಾಪತಿ ತಟ್ಟೆಯ ಮುಂದೆ ಕೂತ. ಕೆಮ್ಮಲಿಲ್ಲ ಎಂಬುದು ನಿಜ. ಅದು ನಿಜವಾದದ್ದೇ ತಪ್ಪು ಎಂದು ಅವಳಿಗೆ ಹೇಗೆ ಹೇಳುವುದು? ತೆಂಗಿನ ಹಾಲು ಸುರಿದುಕೊಂಡು ಎರಡು ತುತ್ತು ತಿಂದ, ಸೇರಲಿಲ್ಲ.

ಫೋನು ಬಂದದ್ದು ಆಗ. ಸ್ಟುಡಿಯೋದಲ್ಲಿ ಸದ್ದು ಹಿಡಿಯುವ ಇಂಜಿನಿಯರ್ ಹುಡುಗಿ ಕಯಲ್. “ಅಣ್ಣೇ, ಪ್ರೊಡ್ಯೂಸರ್ ಇನ್ನಾಸಿಮುತ್ತು ಸಾರ್ ಬಂದು ಕೂತಿದ್ದಾರೆ. ನಿಮ್ಮ ಕಿವಿ ಬೇಕಂತೆ.” “ಯಾಕೆ?” “ಪಿಚ್ಚರಿನ ಕಳ್ಳ ಕಾಪಿ ತಂದಿದ್ದಾರೆ. ಬೇಗ ಬನ್ನಿ, ಮನುಷ್ಯ ನೋಡೋ ಹಾಗಿಲ್ಲ.” ಸಬಾಪತಿ ಫೋನನ್ನು ಜೇಬಿಗಿಟ್ಟ, ತೆಗೆದ, ಮತ್ತೆ ಇಟ್ಟ. ಗೂಟದಲ್ಲಿ ನೇತಾಡುತ್ತಿದ್ದ ಚೀಲವನ್ನು ಹೆಗಲಿಗೇರಿಸಿದ. ಆ ಚೀಲದಲ್ಲಿ ಹನ್ನೊಂದು ಜೊತೆ ಹೆಂಗಸರ ಚಪ್ಪಲಿ, ಎರಡು ಜೊತೆ ಗೆಜ್ಜೆ, ಒಂದು ಪೊಲೀಸ್ ಬೂಟು ಇದ್ದವು. ಒಮ್ಮೆ ಎಗ್ಮೋರ್ ಸ್ಟೇಷನ್ನಿನಲ್ಲಿ ಪೇದೆಯೊಬ್ಬ ಚೀಲ ಬಿಚ್ಚಿಸಿ, ಹನ್ನೊಂದು ಹೆಂಗಸರನ್ನು ಎಲ್ಲಿ ಹೂತೆಯೋ ಎಂದು ಕೇಳಿದ್ದ. ಸಾರ್, ನಾನು ಸಿನಿಮಾದಲ್ಲಿ ನಡೆಯುವವನು ಎಂದು ಎಷ್ಟು ಹೇಳಿದರೂ ಅವನಿಗೆ ತಿಳಿಯಲಿಲ್ಲ. ಪರದೆಯ ಮೇಲೆ ಯಾರೋ ನಡೆಯುತ್ತಾರೆ. ಕತ್ತಲ ಕೋಣೆಯಲ್ಲಿ ಮೈಕಿನೆದುರು ಸಬಾಪತಿ ಅವರ ಹಾಗೆ ನಡೆಯುತ್ತಾನೆ. ಜನ ಅದನ್ನು ಅವರ ಹೆಜ್ಜೆಯೆಂದೇ ನಂಬುತ್ತಾರೆ. ನಂಬದಿದ್ದರೆ ಕೆಲಸ ಕೆಟ್ಟಿತು ಎಂದರ್ಥ. ಒಳ್ಳೆಯ ಎಫೆಕ್ಟ್ಸ್ ಕಲಾವಿದನೆಂದರೆ ಇದ್ದಾನೆಂದೇ ಗೊತ್ತಾಗದವನು. ಸಂಘದಲ್ಲಿ ಅವನನ್ನು ‘ಕಾಲು ಸಬಾಪತಿ’ ಎಂದು ಕರೆಯುತ್ತಿದ್ದರು. ಅದರಲ್ಲಿ ಪ್ರೀತಿ ಎಷ್ಟು, ಅಣಕ ಎಷ್ಟು ಎಂದು ಅವನು ತೂಗಿ ನೋಡಲು ಹೋಗಿರಲಿಲ್ಲ.

ಮದ್ರಾಸಿನ ಸಾಲಿಗ್ರಾಮದ ರಸ್ತೆಯಲ್ಲಿ ಬಿಸಿಲು ಆಗಲೇ ಏರಿತ್ತು. ಪೆಟ್ಟಿಗೆ ಅಂಗಡಿಯ ಪಕ್ಕದ ಗೋಡೆಗೆ ಗುರುವಾರ ಅಂಟಿಸಿದ್ದ ಇನ್ನಾಸಿಮುತ್ತುವಿನ ಚಿತ್ರದ ಪೋಸ್ಟರಿನ ಮೇಲೆ ಹೊಸ ಪೋಸ್ಟರಿನ ಯಾವುದೋ ದೊಡ್ಡ ಹೀರೋ ಮೀಸೆ ತಿರುವುತ್ತ ಕೂತಿದ್ದ. ಕೆಳಗೆ ಒಂದು ಮೂಲೆಯಲ್ಲಿ ಮಾತ್ರ ಉಪ್ಪಿನ ಗದ್ದೆಯ ಬಿಳಿಯೂ ಹೆಂಗಸಿನ ಒಂದು ಬರಿಗಾಲೂ ಉಳಿದಿದ್ದವು. ಆ ಕಾಲು ತನ್ನದು ಎಂದು ಸಬಾಪತಿಗೆ ಅನ್ನಿಸಿತು. ನಾಲ್ಕು ದಿನ ಸ್ಟುಡಿಯೋದ ಹೊಂಡದಲ್ಲಿ ಕಲ್ಲುಪ್ಪು ಸುರಿಸಿ, ಮೇಲೆ ನೀರು ಚಿಮುಕಿಸಿ, ಬರಿಗಾಲಲ್ಲಿ ನಡೆದಿದ್ದ. ತೂತುಕುಡಿಯ ಉಪ್ಪಿನ ಗದ್ದೆಯಲ್ಲಿ ಬೆಳಗಿನಿಂದ ಸಂಜೆಯವರೆಗೆ ದುಡಿಯುವ ಹೆಂಗಸು, ಸತ್ತ ಮಗುವನ್ನು ಹೂತು ಬಂದು, ಒಬ್ಬಳೇ ಆ ಬಿಳಿಯ ಮೇಲೆ ನಡೆದು ಹೋಗುವುದು. ಒಂದು ನಿಮಿಷ ನಲವತ್ತು ಸೆಕೆಂಡು. ಸಂಗೀತ ಬೇಡ, ಹೆಜ್ಜೆ ಮಾತ್ರ ಸಾಕು ಎಂದು ಸಂಗೀತ ನಿರ್ದೇಶಕನ ಜೊತೆ ಜಗಳವಾಡಿದವನು ನಿರ್ಮಾಪಕ ಇನ್ನಾಸಿಮುತ್ತುವೇ. ಅವನ ತಾಯಿ ಆ ಗದ್ದೆಗಳಲ್ಲಿ ಉಪ್ಪು ಎಳೆದವಳು. ಮೂರನೇ ದಿನ ಸಬಾಪತಿಯ ಹಿಮ್ಮಡಿ ಬಿರಿದು, ಬಿರುಕಿಗೆ ಉಪ್ಪು ಇಳಿದು ಕಣ್ಣಲ್ಲಿ ನೀರು ಬಂದಿತ್ತು. ನಾಲ್ಕನೇ ದಿನ ನೋವಿಗೆ ಹೆದರಿ ಕಾಲು ತಾನಾಗಿ ಹಿಂಜರಿದಾಗ, ಗಾಜಿನಾಚೆಯಿಂದ ಇನ್ನಾಸಿಮುತ್ತು ಮೈಕಿನಲ್ಲಿ, “ಇದೇ ಸಾರ್, ಇದೇ! ನಮ್ಮಮ್ಮ ಹೀಗೇ ನಡೀತಿದ್ಲು” ಎಂದು ಅತ್ತೇಬಿಟ್ಟಿದ್ದ. ಇಪ್ಪತ್ತೇಳು ವರ್ಷದಲ್ಲಿ ಯಾವ ನಿರ್ಮಾಪಕನೂ ಸಬಾಪತಿಯ ಕಾಲು ನೋಡಿ ಅತ್ತಿರಲಿಲ್ಲ. ಬಯ್ದವರು ಬೇಕಾದಷ್ಟು ಜನ.

ಅಂಥ ಕೆಲಸ ಮಾಡಿಯೂ ಮೊದಲ ಆಟದ ಪಾಸು ಬರಲಿಲ್ಲ. ಕೆಲಸ ಮಾಡಿದ ಪ್ರತಿಯೊಬ್ಬನಿಗೂ ಎರಡು ಪಾಸು ಕೊಡುವುದು ವಾಡಿಕೆ. ಯಾರು ಮರೆತರೋ, ಯಾವ ಮ್ಯಾನೇಜರನ ಜೇಬಲ್ಲಿ ಉಳಿಯಿತೋ. ಕೇಳಲು ನಾಚಿಕೆಯಾಯಿತು. ಶುಕ್ರವಾರ ತಾನೇ ಸಾಲಲ್ಲಿ ನಿಂತು ಟಿಕೆಟು ಕೊಂಡು, ಯಾರಾದರೂ ಪರಿಚಯದವರು ಕಂಡಾರೆಂದು ಮುಖ ತಗ್ಗಿಸಿ, ವಡಪಳನಿಯ ಆ ಹಳೆಯ ಥೇಟರಿನೊಳಕ್ಕೆ ನುಸುಳಿದ್ದ. ನಲವತ್ತು ಜನ ಇದ್ದಿರಬಹುದು, ಎಲ್ಲರೂ ಹಿಂದೆ ಏಸಿಯ ಕೆಳಗೆ. ಸಬಾಪತಿ ಮುಂದಿನ ಸಾಲಲ್ಲಿ ಕೂತ. ಹೆಸರು ಬಂದರೆ ಹತ್ತಿರದಿಂದ ಕಾಣಲಿ ಎಂದು. ಜಾಹೀರಾತು ಓಡುತ್ತಿದ್ದಾಗ ಒಬ್ಬ ಬಂದು, ಅಷ್ಟು ಸೀಟು ಖಾಲಿಯಿದ್ದರೂ ಪಕ್ಕದಲ್ಲೇ ಕೂತ. ನಟ್ಟನಡುವಿನ ಸೀಟು ಅದು. ಪುದಿನಾ ಮಿಠಾಯಿಯ ವಾಸನೆ. ಉಸಿರಾಡುವಾಗ ಮೂಗು ಸಣ್ಣಗೆ ಸಿಳ್ಳೆ ಹಾಕುತ್ತಿತ್ತು. “ಅಣ್ಣೇ, ಈ ಕೈ ನಂಗೆ ಬಿಡ್ತೀರಾ? ಅಲುಗಾಡುತ್ತೆ” ಎಂದ. ಎರಡು ಸೀಟಿನ ನಡುವಿನ ಕೈಯಾಸರೆ. “ತಗೋ ತಂಬಿ” ಎಂದು ಸಬಾಪತಿ ಮೊಣಕೈ ಎಳೆದು ಮಡಿಲಲ್ಲಿಟ್ಟುಕೊಂಡ. ಆ ಕೈಯಾಸರೆಯ ಮೇಲೆ ಕರ್ಚೀಫು ಸುತ್ತಿದ ಫೋನು ಬಂದು ಕೂತಿತು. ಸೆನ್ಸಾರ್ ಪತ್ರ ಪರದೆಗೆ ಬಂದ ಗಳಿಗೆಯಲ್ಲಿ ಕರ್ಚೀಫಿನ ಮಡಿಕೆಯೊಳಗೆ ಒಂದು ಕೆಂಪು ಚುಕ್ಕೆ ಹತ್ತಿತು.

ಸ್ಟುಡಿಯೋದ ಮೆಟ್ಟಿಲಲ್ಲಿ ಟಿಫನ್ ಕ್ಯಾರಿಯರ್ ಹಿಡಿದ ಒಬ್ಬ ಹೆಂಗಸು ಕೂತಿದ್ದಳು. ಅವಳನ್ನು ದಾಟಿ ಸಬಾಪತಿ ಒಳಗೆ ಹೋದ. ಇನ್ನಾಸಿಮುತ್ತು ಮಿಕ್ಸಿಂಗ್ ಕೋಣೆಯ ಸೋಫಾದಲ್ಲಿ, ಕೂತಿದ್ದ ಎನ್ನುವುದಕ್ಕಿಂತ, ಬಿದ್ದಿದ್ದ. ಶುಕ್ರವಾರದ ಪೂಜೆಗೆ ಉಟ್ಟ ರೇಷ್ಮೆ ಅಂಗಿಯೇ ಇನ್ನೂ ಮೈಮೇಲಿತ್ತು. ಕಂಕುಳಲ್ಲಿ ಬೆವರಿನ ಉಪ್ಪು ಬಿಳಿಯ ಗೆರೆ ಕಟ್ಟಿತ್ತು. “ಬನ್ನಿ ಸಾರ್, ಬನ್ನಿ” ಎಂದು ಎದ್ದು ಕೈ ಹಿಡಿದುಕೊಂಡ. “ನಮ್ಮ ಪಿಚ್ಚರ್ ಹಿಟ್ಟು ಸಾರ್! ಎರಡು ದಿನದಲ್ಲಿ ಎರಡು ಲಕ್ಷ ಜನ ನೋಡಿದ್ದಾರೆ, ಸೈಟಲ್ಲಿ ಎಣಿಸಿ ಹಾಕಿದ್ದಾನೆ ಪುಣ್ಯಾತ್ಮ. ಒಬ್ಬನೂ ಟಿಕೆಟ್ ತಗೊಂಡಿಲ್ಲ, ಅಷ್ಟೇ.” ನಗಲು ಹೋದ, ಆಗಲಿಲ್ಲ. “ಮೂವತ್ತೊಂದು ಥೇಟರ್ ಇತ್ತು. ಶನಿವಾರ ಸಂಜೆ ಹದಿನಾರು. ಇವತ್ತು ನಾಲ್ಕು. ಮಧುರೆಯವನು ಫೋನಲ್ಲಿ ಏನಂದ ಗೊತ್ತಾ? ಮನೇಲಿ ಮಲಗಿ ನೋಡೋ ಪಿಚ್ಚರಿಗೆ ಕುರ್ಚಿ ಯಾಕೆ ಅಂದ.” ಕಯಲ್ ಅವನಿಗೆ ಬೆನ್ನು ಹಾಕಿ ಕಂಪ್ಯೂಟರಿನ ಮುಂದೆ ಕೂತಿದ್ದಳು. ಸಬಾಪತಿಗೆ ಏನಾದರೂ ಹೇಳಬೇಕೆನಿಸಿತು. “ಅಯ್ಯೋ ಪಾಪ” ಎಂಬ ಮಾತು ಬಾಯಿಗೆ ಬಂತು. ಆ ಮಾತಿಗೆ ತನಗೆ ಹಕ್ಕಿಲ್ಲ ಎಂದು ನುಂಗಿದ.

ವಿಷಯ ಸರಳವಾಗಿತ್ತು. ಪ್ರತಿ ಥೇಟರಿಗೆ ಹೋಗುವ ಚಿತ್ರದಲ್ಲೂ ಕಣ್ಣಿಗೆ ಕಾಣದ ಒಂದು ಗುರುತು ಇರುತ್ತದೆ. ಕಳ್ಳ ಕಾಪಿಯಲ್ಲಿ ಆ ಗುರುತು ಹುಡುಕಿದರೆ ಅದು ಯಾವ ಥೇಟರಿನದು, ಯಾವ ದಿನದ್ದು ಎಂದು ತಿಳಿಯುತ್ತದೆ. ಹುಡುಕಿದ್ದರು. ವಡಪಳನಿಯ ಥೇಟರು, ಶುಕ್ರವಾರ. ಅಲ್ಲಿಯ ಆಪರೇಟರ್ ಕೋದಂಡಪಾಣಿ, ನಿವೃತ್ತಿಗೆ ಎರಡು ವರ್ಷ ಬಾಕಿ ಇರುವವನು, ಚಿತ್ರ ಸರಿಯಾಗಿದೆಯೇ ಎಂದು ನೋಡಲು ಆ ದಿನ ಬೆಳಿಗ್ಗೆ ಏಳು ಗಂಟೆಗೆ ಖಾಲಿ ಥೇಟರಿನಲ್ಲಿ ಒಂದು ಸಲ ಓಡಿಸಿದ್ದನ್ನು ತಾನೇ ಒಪ್ಪಿಕೊಂಡಿದ್ದ. ಹಾಗೆ ಓಡಿಸುವುದು ಅವನ ಕೆಲಸವೇ. ಆದರೆ ಇನ್ನಾಸಿಮುತ್ತುವಿನ ತಲೆಯಲ್ಲಿ ಅಲ್ಲಿಗೆ ಎಲ್ಲ ಹೊಂದಿಕೊಂಡಿತ್ತು. “ನೀವೇ ನೋಡಿ ಸಾರ್. ಚಿತ್ರ ನೆಟ್ಟಗಿದೆ, ಎದುರು ಒಂದು ತಲೆ ಇಲ್ಲ. ಸದ್ದು ಕನ್ನಡಿ ಹಾಗಿದೆ. ಒಬ್ಬ ಮಾತಾಡಲ್ಲ, ಒಂದು ಮಗು ಅಳಲ್ಲ. ಎರಡೂವರೆ ಗಂಟೆ ಸಾರ್, ಒಬ್ಬನೂ ಕೆಮ್ಮಲ್ಲ! ಈ ಮದ್ರಾಸಲ್ಲಿ ಕೆಮ್ಮದ ಜನ ಎಲ್ಲಿದ್ದಾರೆ ಹೇಳಿ? ಆ ಮುದುಕ ಬೆಳಿಗ್ಗೆ ಕಳ್ಳನ್ನ ಕೂರಿಸ್ಕೊಂಡು ಓಡಿಸಿದ್ದಾನೆ. ಬೆಳಿಗ್ಗೆಯಿಂದ ಸ್ಟೇಷನ್ನಲ್ಲಿ ಕೂರಿಸಿದ್ದಾರೆ, ಬಾಯಿ ಬಿಡ್ತಿಲ್ಲ. ಬಿಡ್ತಾನೆ. ಉಪ್ಪು ತಿಂದೋನು ನೀರು ಕುಡೀಲೇಬೇಕು.” ಮೇಜಿನ ಮೇಲಿದ್ದ ಕಾಗದ ಮುಂದೆ ತಳ್ಳಿದ. ಥೇಟರು ಖಾಲಿಯಿತ್ತು ಎಂದು ಇಪ್ಪತ್ತೇಳು ವರ್ಷದ ಅನುಭವದಿಂದ ಹೇಳುತ್ತೇನೆ ಎಂದು ಅದರಲ್ಲಿ ಬರೆದಿತ್ತು. ಕೆಳಗೆ ಸಬಾಪತಿಯ ಹೆಸರು, ಇನಿಷಿಯಲ್ ಸಮೇತ, ಅಚ್ಚಾಗಿತ್ತು. ಚಿತ್ರದಲ್ಲಿ ನೋಡಲು ಹೋದ ಹೆಸರು ಇಲ್ಲಿ ಕಂಡಿತು.

“ಒಂದು ಸಲ ಕೇಳ್ತೀನಿ” ಎಂದ ಸಬಾಪತಿ. ಕೇಳುವುದಕ್ಕಲ್ಲ, ಹೆಡ್‌ಫೋನಿನ ಕೆಳಗೆ ಮುಖ ಬಚ್ಚಿಟ್ಟುಕೊಳ್ಳಬಹುದು ಎಂದು. ಈ ಕಾಪಿಯನ್ನು ಅವನು ಆಗಲೇ ಕೇಳಿದ್ದ. ಶನಿವಾರ ಮಧ್ಯಾಹ್ನ, ಹೆಂಡತಿ ಬಟ್ಟೆ ಒಣಹಾಕಲು ಮಾಳಿಗೆಗೆ ಹೋದಾಗ, ಕೋಣೆಯ ಬಾಗಿಲು ಹಾಕಿ, ಆ ಸೈಟು ತೆರೆದಿದ್ದ. ರಮ್ಮಿ ಆಟದ ಜಾಹೀರಾತು, ಅರೆಬೆತ್ತಲೆ ಹೆಂಗಸರ ಚಿತ್ರ, ಎಲ್ಲವನ್ನೂ ಹೆಬ್ಬೆರಳಿನಿಂದ ಮುಚ್ಚಿ ಮುಚ್ಚಿ, ಕೊನೆಗೆ ಚಿತ್ರ ಸಿಕ್ಕಿತ್ತು. ತಾನು ನೋಡಿದ ಕೆಂಪು ಚುಕ್ಕೆ ಇದೇ ಆಯಿತೇ ಎಂದು ತಿಳಿಯುವುದಕ್ಕೆ ಎಂದು ಮನಸ್ಸಿಗೆ ಹೇಳಿಕೊಂಡಿದ್ದ. ಆದರೆ ಚಿತ್ರದ ಕೆಳಗೆ ಜನ ಬರೆದದ್ದನ್ನು ಓದಿದ್ದೇಕೆ? ಒಬ್ಬ ಹೀರೋಯಿನ್ ಕಪ್ಪು ಎಂದು ಬರೆದಿದ್ದ, ಒಬ್ಬ ಪ್ರಿಂಟು ಸೂಪರ್ ಅಣ್ಣಾ ಎಂದು ಬರೆದಿದ್ದ. ನಡುವೆ ಒಂದು ಸಾಲು: ‘ಉಪ್ಪಿನ ಮೇಲೆ ನಡೆಯುವ ಆ ಸದ್ದು ಮಾಡಿದವರು ಯಾರು? ನನ್ನ ಪಾದ ಉರಿಯಿತು.’ ಬರೆದವರ ಹೆಸರಿಲ್ಲ. ಶ್ರೀಲಂಕಾದ ಬಟ್ಟಿಕಲೋವಾ ಎಂದು ಊರು ಮಾತ್ರ. ಸಬಾಪತಿ ಅದನ್ನು ಎಷ್ಟು ಸಲ ಓದಿದನೋ, ಮಾಳಿಗೆಯಿಂದ ಅಮುದವಲ್ಲಿಯ ಹೆಜ್ಜೆ ಇಳಿದು ಬರುವವರೆಗೆ ಓದಿದ. ಸಮುದ್ರದಾಚೆ ಯಾರದೋ ಪಾದ ಉರಿದಿದೆ. ಇಪ್ಪತ್ತೇಳು ವರ್ಷದಲ್ಲಿ ಯಾರು ಎಂದು ಕೇಳಿದ ಮೊದಲ ಪ್ರಾಣಿ ಅದು, ಮತ್ತು ಅದು ಕಳ್ಳಮಾಲು ನೋಡಿದ ಪ್ರಾಣಿ. ನಾಚಿಕೆಯೂ ಆಯಿತು, ಸಂತೋಷವೂ ಆಯಿತು. ಸುಳ್ಳೇಕೆ, ಸಂತೋಷವೇ ಒಂದು ತೂಕ ಹೆಚ್ಚು.

ಕಯಲ್ ಚಿತ್ರ ಬಿಟ್ಟಳು. ಕಳ್ಳರು ಥೇಟರಿನ ಗಾಳಿಯ ಸದ್ದನ್ನೆಲ್ಲ ಯಂತ್ರದಲ್ಲಿ ತೊಳೆದಿದ್ದರು. ಹಿಂದಿನ ಸಾಲುಗಳ ಗುಸುಗುಸು ಅಲ್ಲೇ ಹೋಗಿತ್ತು. ಹತ್ತಿರದ ಸದ್ದನ್ನು ತೊಳೆಯಲು ಆಗುತ್ತಿರಲಿಲ್ಲ. ಆದರೆ ಹತ್ತಿರ ಸದ್ದೇ ಇರಲಿಲ್ಲವಲ್ಲ. ಹತ್ತಿರ ಇದ್ದವನು ಸಬಾಪತಿ. ಕೆಂಪು ದೀಪ ಹತ್ತಿದ ಕೂಡಲೇ ಅವನ ಬೆನ್ನು ನೆಟ್ಟಗಾಗಿತ್ತು, ಹೊಟ್ಟೆ ಒಳಗೆ ಹೋಗಿತ್ತು, ನಾಲಿಗೆ ಅಂಗುಳಕ್ಕೆ ಅಂಟಿತ್ತು. ಯೋಚಿಸಿ ಮಾಡಿದ್ದಲ್ಲ. ಸ್ಟುಡಿಯೋದಲ್ಲಿ ಬಾಗಿಲ ಮೇಲಿನ ಕೆಂಪು ದೀಪ ಹತ್ತಿತೆಂದರೆ ಉಸಿರು ಮೂಗಿನಿಂದಲ್ಲ, ತೆರೆದ ಬಾಯಿಂದ, ಸದ್ದಿಲ್ಲದೆ. ಗಂಟಲಲ್ಲಿ ಕೆಮ್ಮು ಎದ್ದರೆ ಉಗುಳು ನುಂಗಿ ಕೆಳಗೆ ತಳ್ಳಬೇಕು. ಬಟ್ಟೆ ಸರಸರ ಅನ್ನಬಾರದು. ಕಲಿಯುವ ಕಾಲದಲ್ಲಿ ಒಂದು ಸಲ ಸೀನಿದ್ದಕ್ಕೆ ಅವನ ಗುರು ಪೊನ್ನಯ್ಯ ಕಪಾಳಕ್ಕೆ ಬಿಟ್ಟಿದ್ದ. ಆ ಏಟು ಅವನ ಮೈಯಲ್ಲಿ ಇನ್ನೂ ಕಾವಲು ಕೂತಿತ್ತು. ಮೊದಲ ಹತ್ತು ನಿಮಿಷ, ಪಾಪ, ಹುಡುಗ ಯಾರಿಗೋ ತೋರಿಸಲು ಹಿಡಿಯುತ್ತಿದ್ದಾನೆ ಎಂದುಕೊಂಡ. ಇಪ್ಪತ್ತನೇ ನಿಮಿಷಕ್ಕೆ ತಿಳಿಯಿತು. ತಿಳಿದೂ ಕೂತ. ಇಂಟರ್‌ವಲ್ಲಿನಲ್ಲಿ ಅವನು, “ಅಣ್ಣೇ, ಸೀಟು ನೋಡ್ಕೊಳ್ಳಿ” ಎಂದು ಕರ್ಚೀಫನ್ನು ಸೀಟಿನ ಮೇಲೆ ಹಾಕಿ ಹೋದಾಗ, ಸಬಾಪತಿ ಎದ್ದು ಹೋಗಿ ಗೇಟಿನವನಿಗೆ ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ. ಹಿಂದಿನಿಂದ ಬಂದ ಒಬ್ಬ ಆ ಸೀಟಲ್ಲಿ ಕೂರಲು ನೋಡಿದಾಗ, “ಇಲ್ಲಿ ಜನ ಇದ್ದಾರೆ” ಎಂದು ಕೈ ಅಡ್ಡ ಹಿಡಿದ. ಥೂ, ಎಂಥ ಮನುಷ್ಯ ನಾನು ಎಂದು ಹೆಡ್‌ಫೋನಿನೊಳಗೆ ಸಬಾಪತಿ ತನ್ನನ್ನು ತಾನೇ ಉಗಿದುಕೊಂಡ. ಕಾವಲು ನಾಯಿ ಕಳ್ಳನ ಚಪ್ಪಲಿ ಕಾದ ಹಾಗೆ.

ಉಪ್ಪಿನ ನಡಿಗೆ ಬಂತು. ಸಂಗೀತ ನಿಂತಿತು. ಕರಕ್, ಕರಕ್, ಆಮೇಲೆ ಸ್ವಲ್ಪ ಎಳೆದ ಹಾಗೆ ಎಡಗಾಲು. ಅದರ ಅಡಿಯಲ್ಲಿ, ಬೇರೆ ಯಾರ ಕಿವಿಗೂ ಬೀಳದಷ್ಟು ಸಣ್ಣಗೆ, ಇನ್ನೊಂದು ಸದ್ದಿತ್ತು. ಶನಿವಾರ ಫೋನಿನ ಪುಟ್ಟ ಬಾಯಲ್ಲಿ ಇದು ಕೇಳಿರಲಿಲ್ಲ. ಸಿಮೆಂಟು ನೆಲಕ್ಕೆ ರಬ್ಬರ್ ಚಪ್ಪಲಿಯ ಮುಂಗಾಲು. ಟಪ್. ಟಪ್. ಅದು ಅವನದೇ ಕಾಲು. ಎರಡೂವರೆ ಗಂಟೆ ಕೆಮ್ಮು ಹಿಡಿದವನು ಕಾಲು ಹಿಡಿಯಲು ಮರೆತಿದ್ದ. ಕಾಲು ತನ್ನ ಹಾದಿ ಕಂಡು ತಾನೇ ನಡೆದಿತ್ತು. ಆಗ ಪಕ್ಕದವನ ಮೂಗಿನ ಸಿಳ್ಳೆ ನಿಂತು ಹೋದದ್ದು ನೆನಪಾಯಿತು: ಉಸಿರು ಬಿಗಿ ಹಿಡಿದು ಕೇಳುತ್ತಿದ್ದ, ಕಳ್ಳ. ಕೇಳು ತಂಬಿ, ಕೇಳು, ಚೆನ್ನಾಗಿ ಹಿಡಿ ಎಂದು ಸಬಾಪತಿಯ ಜೀವ ಅಂದಿತ್ತು.

“ಏನಾದ್ರೂ ಇದೆಯಾ ಸಾರ್?” ಇನ್ನಾಸಿಮುತ್ತು ಕೇಳಿದ. ಸಬಾಪತಿ ಹೆಡ್‌ಫೋನು ತೆಗೆದು, “ಒಂದು ಟೀ ಕುಡಿದು ಬರ್ತೀನಿ” ಎಂದ. ರುಜು ಹಾಕಿದರೆ ಮುಗಿಯಿತು. ತಾನು ಅಲ್ಲಿದ್ದದ್ದು ಹೆಂಡತಿಗೆ ಬಿಟ್ಟು ಯಾರಿಗೂ ಗೊತ್ತಿಲ್ಲ. ಹೇಳಿದರೆ ಸಂಘದಿಂದ ಕಾರ್ಡು ಕಿತ್ತುಕೊಳ್ಳುತ್ತಾರೆ; ಕಳ್ಳನಿಗೆ ಸೀಟು ಕಾದ ಕಾಲು ಸಬಾಪತಿಯನ್ನು ಯಾವ ಸ್ಟುಡಿಯೋ ಒಳಗೆ ಬಿಡುತ್ತದೆ? ಐವತ್ತಮೂರನೇ ವಯಸ್ಸಿನಲ್ಲಿ ನಡೆಯುವುದೊಂದು ಬಿಟ್ಟು ಬೇರೆ ಏನು ಬರುತ್ತದೆ ತನಗೆ? ಮತ್ತೆ, ಆ ಕೋದಂಡಪಾಣಿಯಾದರೂ ಏನು ಸಾಚಾ? ಶುಕ್ರವಾರ ಚಿತ್ರ ಮುಗಿದು ಹೆಸರುಗಳು ಏರುತ್ತಿದ್ದವು. ಸಹ ನಿರ್ದೇಶಕರು ಆಯಿತು, ಬಣ್ಣದವರಾಯಿತು, ಊಟದವರಾಯಿತು, ಇನ್ನೇನು ಸದ್ದಿನವರು ಬರಬೇಕು, ಫಟ್ ಎಂದು ಪರದೆ ಆರಿಸಿ ದೀಪ ಹಾಕಿದ್ದ. ಎರಡೂವರೆ ಗಂಟೆ ಕಾದವನ ಹೆಸರನ್ನು ಒಂದು ಗುಂಡಿ ಒತ್ತಿ ನುಂಗಿದವನು. ಅವನಿಗಾಗಿ ನಾನೇಕೆ ಸಾಯಲಿ ಎಂಬ ಮಾತು ಸಬಾಪತಿಯ ಮನಸ್ಸಿನಲ್ಲಿ ಸ್ಪಷ್ಟವಾಗಿಯೇ ಬಂತು, ಮೆಟ್ಟಿಲಿಳಿಯುವಾಗ.

ಮೆಟ್ಟಿಲ ಮೇಲಿನ ಹೆಂಗಸು ಎದ್ದು ನಿಂತಳು. “ಸಾಮೀ, ಕಿವಿ ಕೇಳೋರು ನೀವೇನಾ?” ಸಬಾಪತಿ ತಬ್ಬಿಬ್ಬಾದ. “ನಾನು ಅಂಜಲೆ, ಆಪರೇಟರ್ ಹೆಂಡ್ತಿ. ನಿಮ್ಮ ಒಂದು ಮಾತಿನ ಮೇಲೆ ಇದೆ ಅಂದ್ರು ಆ ಸ್ಟೇಷನ್ನಿನವರು. ಊಟ ತಗೊಂಡು ಹೋದ್ರೆ ಒಳಗೆ ಬಿಡಲಿಲ್ಲ.” ಟಿಫನ್ ಕ್ಯಾರಿಯರನ್ನು ಅವಳು ಎರಡೂ ಕೈಯಲ್ಲಿ ಎದೆಗೆ ಒತ್ತಿ ಹಿಡಿದಿದ್ದಳು. “ಸಕ್ಕರೆ ಕಾಯಿಲೆ ಸಾಮೀ ಅವರಿಗೆ. ಹೊತ್ತಿಗೆ ಸರಿಯಾಗಿ ತಿನ್ನಬೇಕು. ಗಳಿಗೆಗೊಂದು ಸಲ ಹೊರಗೆ ಹೋಗಬೇಕು, ಸ್ಟೇಷನ್ನಲ್ಲಿ ಬಿಡ್ತಾರೋ ಇಲ್ವೋ.” ಸಬಾಪತಿ, “ಥೇಟರಲ್ಲಿ ಹೇಗೆ ಮಾಡ್ತಾರೆ ಮತ್ತೆ?” ಎಂದು ಕೇಳಿಬಿಟ್ಟ. “ತಡ್ಕೊಂಡು ಕೂತಿರ್ತಾರೆ. ಪಿಚ್ಚರ್ ನಡುವೆ ಮೆಷಿನ್ ಬಿಟ್ಟು ಏಳಬಾರದು ಅಂತ ಅವರದ್ದೊಂದು ಹಠ. ನಲವತ್ತು ವರ್ಷದಿಂದ ಹಾಗೇ. ಕಥೆ ಮುಗಿದು ಹೆಸರು ಬರೋಕೆ ಶುರುವಾದ್ರೆ ಸಾಕು, ಎಲ್ಲಾ ಆರಿಸಿ ಕಕ್ಕಸಿಗೆ ಓಡ್ತಾರೆ.” ಹೇಳಿ ಅವಳಿಗೇ ಅಷ್ಟು ದುಃಖದಲ್ಲೂ ನಗು ಬಂತು, ಸೆರಗು ಬಾಯಿಗೆ ಅಡ್ಡ ಹಿಡಿದಳು. “ಈ ಮಾತು ಹೊರಗೆ ಹೇಳಬೇಡಿ ಸಾಮೀ, ಮಾನ ಹೋಗುತ್ತೆ ಅಂತಾರೆ.”

ಸಬಾಪತಿ ಟೀ ಅಂಗಡಿಯವರೆಗೆ ಹೋದ. ಗಾಜಿನ ಲೋಟ ಕೈಗೆ ಬಂತು. ಆ ಥೇಟರಿನಲ್ಲಿ ಶುಕ್ರವಾರ ಇಬ್ಬರು ತಡೆದುಕೊಂಡು ಕೂತಿದ್ದರು. ಒಬ್ಬ ಮೇಲೆ, ಯಂತ್ರದ ಕೋಣೆಯಲ್ಲಿ, ಚಿತ್ರ ನಿಲ್ಲಬಾರದು ಎಂದು. ಒಬ್ಬ ಕೆಳಗೆ, ಕಳ್ಳನ ಪಕ್ಕದಲ್ಲಿ. ಇಬ್ಬರ ಮೈಗೂ ಕೆಲಸ ಕಲಿಸಿದ ಬಿಗಿ ಒಂದೇ. ಆದರೆ ಸ್ಟೇಷನ್ನಿನ ಬೆಂಚಿನ ಮೇಲೆ ಈಗಲೂ ತಡೆದುಕೊಂಡು ಕೂತಿರುವವನು ಅವನೊಬ್ಬನೇ. ಒಬ್ಬನೂ ಕೆಮ್ಮಲಿಲ್ಲ ಎಂಬುದು ಅವನ ಮೇಲಿನ ಆರೋಪ. ಕೆಮ್ಮದವನು ಇಲ್ಲಿ ಟೀ ಕುಡಿಯುತ್ತಿದ್ದಾನೆ. ಸಬಾಪತಿಗೆ ಅಳು ಬರುವ ಹಾಗಾಯಿತು, ಯಾರಿಗಾಗಿ ಎಂದು ಗೊತ್ತಾಗಲಿಲ್ಲ. ಲೋಟವನ್ನು ಹಾಗೇ ಇಟ್ಟು ದುಡ್ಡು ಕೊಟ್ಟು ತಿರುಗಿದ.

ಒಳಗೆ ಇನ್ನಾಸಿಮುತ್ತು ಪೆನ್ನಿನ ಮುಚ್ಚಳ ತೆಗೆದು ಇಟ್ಟುಕೊಂಡಿದ್ದ. “ಥೇಟರು ಖಾಲಿ ಇರಲಿಲ್ಲ ಸಾರ್” ಎಂದ ಸಬಾಪತಿ, ಕೂರದೆ. “ಇದು ಮೊದಲ ಆಟ. ಮೈಕಿನ ಪಕ್ಕದಲ್ಲಿ ಒಬ್ಬ ಕೂತಿದ್ದಾನೆ.” “ಎಲ್ಲಿ? ಏನೂ ಕೇಳಲ್ವಲ್ಲ?” “ಇದೆ. ಕಯಲಮ್ಮಾ, ಉಪ್ಪಿನ ನಡಿಗೆ ಹಾಕು. ದೊಡ್ಡದು ಮಾಡು.” ಹುಡುಗಿ ಹಾಕಿದಳು. ಕೋಣೆಯ ತುಂಬ ಕರಕ್ ಕರಕ್ ಎಂದು ಆ ಹೆಂಗಸು ನಡೆದಳು. ಇನ್ನಾಸಿಮುತ್ತು ಕಣ್ಣು ಮುಚ್ಚಿಕೊಂಡ. ಸದ್ದು ಅವನನ್ನು ಈಗಲೂ ಹಿಡಿಯುತ್ತಿತ್ತು. “ಹೆಜ್ಜೆ ಬಿಟ್ಟು ಏನೂ ಇಲ್ಲ ಸಾರ್” ಎಂದ. ತನ್ನ ತಪ್ಪನ್ನು ಒಪ್ಪಿಕೊಳ್ಳಲು ಹೊರಟರೂ ತನ್ನ ಕಾಲಿನ ಸದ್ದು ಯಾರಿಗೂ ಕೇಳಿಸುವುದಿಲ್ಲವಲ್ಲ ಎಂದು ಸಬಾಪತಿಗೆ ರೇಗಿತು. “ಹೆಜ್ಜೆಗೆ ಮುಂಚೆ ನೋಡು” ಎಂದು ಕಯಲಿಗೆ ಹೇಳಿ, ಮೇಜಿನ ಪಕ್ಕ ನಿಂತು, ರಬ್ಬರ್ ಚಪ್ಪಲಿಯ ಮುಂಗಾಲನ್ನು ನೆಲಕ್ಕೆ ತಟ್ಟತೊಡಗಿದ. ಟಪ್, ಕರಕ್. ಟಪ್, ಕರಕ್. ಎಳೆದ ಎಡಗಾಲಿಗೆ ಎಳೆದ ಟಪ್. ಹುಡುಗಿ ಪರದೆಯ ಮೇಲಿನ ಗೆರೆಗಳನ್ನು ಹಿಗ್ಗಿಸಿದಳು, ಇನ್ನೂ ಹಿಗ್ಗಿಸಿದಳು. ಪ್ರತಿ ದೊಡ್ಡ ಏರಿಗೆ ಮುಂಚೆ ಸಾಸಿವೆಯಷ್ಟು ಒಂದು ಏರು. “ಇದೆ ಸಾರ್” ಎಂದಳು ಮೆಲ್ಲಗೆ. “ಪ್ರತಿ ಹೆಜ್ಜೆಗೂ ಇದೆ. ಒಂದು ಕೂದಲೆಳೆ ಮುಂಚೆ.” ಆಮೇಲೆ ಅವಳ ಕೈ ನಿಂತಿತು. ಚಿತ್ರ ನೋಡುವವನ ಕಾಲು ಹೆಜ್ಜೆಯ ನಂತರ ಬೀಳುತ್ತದೆ. ಹೆಜ್ಜೆ ಎಲ್ಲಿ ಬೀಳುತ್ತದೆಂದು ಮೊದಲೇ ಗೊತ್ತಿರುವುದು, ಅದನ್ನು ನಡೆದವನಿಗೆ ಮಾತ್ರ. ಅವಳು ಸಬಾಪತಿಯ ಮುಖ ನೋಡಲಿಲ್ಲ, ಚಪ್ಪಲಿ ನೋಡಿದಳು.

ಇನ್ನಾಸಿಮುತ್ತುವಿಗೆ ತಿಳಿಯಲು ಇನ್ನಷ್ಟು ಹೊತ್ತು ಹಿಡಿಯಿತು. ತಿಳಿದಾಗ ಅವನು ಕೂಗಲಿಲ್ಲ. ಮೊದಲು ಫೋನು ತೆಗೆದು ಸ್ಟೇಷನ್ನಿಗೆ ಮಾಡಿದ. “ಆ ಆಪರೇಟರನ್ನ ಬಿಟ್ಟುಬಿಡಿ ಸಾರ್. ತಪ್ಪಾಯ್ತು. ಅವನ ಹೆಂಡ್ತಿ ಇಲ್ಲೇ ಇದ್ದಾಳೆ, ಊಟ ಕಳಿಸ್ತೀನಿ.” ಫೋನು ಇಟ್ಟ. ಮೇಜಿನ ಮೇಲಿನ ಕಾಗದವನ್ನು ಎರಡಾಗಿ ಮಡಿಸಿ, ನಾಲ್ಕಾಗಿ ಮಡಿಸಿ, ಅಂಗಿಯ ಜೇಬಿಗೆ ಹಾಕಿಕೊಂಡ.

“ಪಕ್ಕದಲ್ಲೇ ಇದ್ರಿ.”

“ಇದ್ದೆ.”

“ಮುಖ ನೋಡಿದ್ರಾ ಅವನದ್ದು?”

“ಇಲ್ಲ, ತಲೆ ತಗ್ಗಿಸಿ ಕೂತಿದ್ದೆ. ಉಸಿರು ಗೊತ್ತು. ಮೂಗು ಸಿಳ್ಳೆ ಹಾಕುತ್ತೆ. ಎಲ್ಲಿ ಸಿಕ್ಕಿದ್ರೂ ಹೇಳ್ತೀನಿ.”

“ಮೂಗಿನ ಸಿಳ್ಳೆ ಹಿಡ್ಕೊಂಡು ಪೊಲೀಸ್ನೋರು ಎಲ್ಲಿ ಹುಡುಕ್ತಾರೆ ಸಾರ್?” ಎಂದ ಇನ್ನಾಸಿಮುತ್ತು. “ಒಂದು ಕೂಗು ಹಾಕಬಾರದಿತ್ತಾ? ಕೂಗು ಬೇಡ. ಕೈಯಾದ್ರೂ ಅಡ್ಡ ಇಡಬಹುದಿತ್ತಲ್ಲ. ಅದೂ ಬೇಡ ಸಾರ್, ನಿಮಗೆ ಇಷ್ಟು ಕೆಮ್ಮು ಇದೆ, ಈ ಬೀದಿಗೇ ಗೊತ್ತು. ನಮ್ಮಮ್ಮ ನಡೆಯೋವಾಗ ಒಂದು ಸಲ, ಒಂದೇ ಸಲ ಕೆಮ್ಮೋಕೆ ಆಗ್ಲಿಲ್ವಾ?”

ಸಬಾಪತಿ ಬಾಯಿ ತೆರೆದ. ಪಾಸು ಕೊಡದ್ದು, ಆರಿಸಿದ ಹೆಸರು, ಸಮುದ್ರದಾಚೆಯ ಉರಿದ ಪಾದ, ಎಲ್ಲವೂ ನಾಲಿಗೆಯವರೆಗೆ ಬಂದು, ಒಂದೂ ಕಾರಣವಾಗಿ ನಿಲ್ಲಲಿಲ್ಲ.

“ಕೆಂಪು ದೀಪ ಉರೀತಿತ್ತು ಸಾರ್” ಎಂದ.

ಕಯಲ್ ತಲೆಯೆತ್ತಿ ಸ್ಟುಡಿಯೋದ ಬಾಗಿಲ ಮೇಲಿನ ದೀಪವನ್ನು ನೋಡಿದಳು. ಅದು ಆರಿತ್ತು. ಆಗ ಸಬಾಪತಿಗೆ ಕೆಮ್ಮು ಬಂತು. ಶುಕ್ರವಾರದಿಂದ ಒಳಗೇ ಕೂತಿದ್ದದ್ದೇ ಎಂಬಂತೆ ಬಂತು, ಒಂದರ ಬೆನ್ನಿಗೆ ಇನ್ನೊಂದು, ಅವನನ್ನು ಬಗ್ಗಿಸಿ, ಮೇಜಿನ ಅಂಚು ಹಿಡಿಸಿ, ಕಣ್ಣಲ್ಲಿ ನೀರು ತರಿಸಿ. ಚೀಲ ಹೆಗಲಿನಿಂದ ಜಾರಿ ಬಿದ್ದು ಹೆಂಗಸರ ಚಪ್ಪಲಿಗಳು ನೆಲದ ತುಂಬ ಚೆಲ್ಲಿದವು. ಯಾರೂ ಅವನನ್ನು ತಡೆಯಲಿಲ್ಲ, ಯಾರೂ ಬೆನ್ನು ತಟ್ಟಲಿಲ್ಲ. ಅವನು ಕೆಮ್ಮುತ್ತಲೇ ಇದ್ದ. ಇನ್ನಾಸಿಮುತ್ತು ಅವನನ್ನೇ ನೋಡುತ್ತಿದ್ದು, ಕೊನೆಗೆ ಮೇಜಿನ ಮೇಲಿದ್ದ ನೀರಿನ ಬಾಟಲಿಯ ಮುಚ್ಚಳ ತಿರುಗಿಸಿ ತೆಗೆದು, ಅವನ ಮುಂದೆ ತಳ್ಳಿದ.

“ಕುಡೀರಿ” ಎಂದ.